ಸುಟ್ಟ ಮೋಟಾರಿನ ಓದು

ಬೆಟಗೇರಿಯ ರೈಲು ಗೇಟು ದಾಟಿ ಎಡಕ್ಕೆ
ತಗಡಿನ ಶೆಡ್ಡು. ವಾರ್ನಿಷಿನ ವಾಸನೆಯೇ ಬೋರ್ಡು.
ಟಂಟಂನಿಂದ ಮೋಟಾರು ಇಳಿಸಲು ನಾಲ್ಕು ಮಂದಿ ಬೇಕಾಯಿತು.
ನನ್ನ ಚೀಲದಲ್ಲಿ ಮೂರು ಕೊಟೇಶನ್ನು,
ಕಿವಿಯಲ್ಲಿ ಮುರಿಗೆಪ್ಪ ಸಾವಕಾರರ ಒಂದೇ ಮಾತು:
"ಹದಿನೈದು ಸುಟ್ಟತಲ್ಲ, ಇಪ್ಪತ್ತು ತಾ.
ದೊಡ್ಡದು ಸುಡೂದಿಲ್ಲ."

ರಾಜೇಸಾಬ ನದಾಫರು ಕೊಟೇಶನ್ನು ನೋಡಲಿಲ್ಲ.
ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿ
"ಮೊದ್ಲು ಹೆಣ ನೋಡೂಣು," ಅಂದರು,
"ಆಮ್ಯಾಲೆ ವರ ನೋಡೂಣಂತ."

ಹಿಂದಿನ ಮುಚ್ಚಳ ಬಿಚ್ಚಿದರೆ ಫ್ಯಾನಿನ ತುಂಬ ಅರಳೆ,
ನಮ್ಮದೇ ಜಿನ್ನಿನ ಅರಳೆ, ಎಣ್ಣೆ ಕುಡಿದು ಕಂಬಳಿಯಾಗಿತ್ತು.
ಎರಡು ಬೆರಳಲ್ಲಿ ಎಳೆದು, ಹಿಂಜಿ, ಬೆಳಕಿಗೆ ಹಿಡಿದರು.
"ನಮ್ಮಜ್ಜ ಬಿಲ್ಲು ಹೊತ್ತು ಊರೂರು ತಿರುಗಿ ಹಿಂಜತಿದ್ದ.
ಇಂಥಾದ್ದು ತಂದ್ರ ಬೈತಿದ್ದ."
ಮೊಮ್ಮಗನ ಕೈಯಲ್ಲಿ ಈಗ ಹತ್ತಿ ಇಲ್ಲ, ತಾಮ್ರ ಇದೆ.
ಅದನ್ನೂ ಎಳೆ ಎಳೆಯಾಗಿಯೇ ನೋಡುತ್ತಾರೆ.

ರೋಟರು ಹೊರಗೆ. ಟಾರ್ಚು ಒಳಗೆ.
"ಬಾ ತಂಗಿ, ಬಗ್ಗಿ ನೋಡು."
ಬಗ್ಗಿದೆ.
ಸುತ್ತ ಸುರುಳಿಗಳು, ಮೂರು ಮನೆತನ.
ಎರಡಕ್ಕೆ ಇನ್ನೂ ಹೊಸ ತಾಮ್ರದ ಕೊಡದ ಬಣ್ಣ,
ಒಂದು ಮಾತ್ರ ಒಲೆಯಿಂದೆಳೆದ ಕೊಳ್ಳಿ.

"ಭಾರ ಹೆಚ್ಚಾಗಿ ಸತ್ತಿದ್ರ ಮೂರೂ ಕರ್ರಗಾಗ್ತಿದ್ವು.
ಇಲ್ಲಿ ಒಂದ ಸುಟ್ಟೈತಿ. ಡೆಲ್ಟಾದಾಗ ಓಡೋ ಮೋಟಾರಿಗೆ
ಒಂದು ಫೇಸು ಕೈ ಕೊಟ್ರ ಹಿಂಗ ಆಗೂದು.
ಮೂರು ಕಲ್ಲಿನ ಒಲಿ, ಒಂದು ಕಲ್ಲು ಉರುಳ್ತು,
ಗಡಿಗಿ ದೊಡ್ಡದು ತಂದ್ರ ನಿಂದರತೈತೇನು?"

ನಾನು ಮಾತಾಡಲಿಲ್ಲ.
ಆ ರಾತ್ರಿ ನೆನಪಾಯಿತು: ಹಸಿ ಹತ್ತಿಯ ಲೋಡು,
ಗೇಟಿನಾಚೆ ಹನ್ನೊಂದು ಟ್ರ್ಯಾಕ್ಟರಿನ ಸಾಲು,
ರಿಲೇ ಮೂರು ಸಲ ಬಿತ್ತು, ಮೂರು ಸಲವೂ ಬೈಗುಳ.
ಬಗ್ಗಿ, ಅರಳೆ ಒರೆಸಿ, ಮೋಟಾರಿನ ಫಲಕ ಓದಿದೆ:
ಹದಿನೈದು ಎಚ್‌ಪಿ, ನಾನೂರಾ ಹದಿನೈದು ವೋಲ್ಟು, ಇಪ್ಪತ್ತೊಂದು ಆಂಪು.
ರಿಲೇ ಹನ್ನೆರಡರಲ್ಲಿ ಕೂತಿತ್ತು.
ಯಾರೋ ದಡ್ಡ ಇಟ್ಟಿದ್ದಾನೆಂದುಕೊಂಡು
ಸ್ಕ್ರೂಡ್ರೈವರಿನಿಂದ ಇಪ್ಪತ್ತೊಂದಕ್ಕೆ ತಿರುವಿದೆ.
ಆಮೇಲೆ ಅದು ಬೀಳಲಿಲ್ಲ. ಸಾವಕಾರರು ಚಹಾ ಕಳಿಸಿದರು.
ಒಂಬತ್ತು ದಿನ ಕಳೆದು, ಕಂಬದ ಮೇಲೆ ಒಂದು ಜಂಪರ್ ಹರಿಯಿತು.

ರಾಜೇಸಾಬರಿಗೆ ಇದನ್ನು ಹೇಳಿದ್ದು ನಾನಲ್ಲ, ರಿಲೇ.
ಚೀಲದಿಂದ ತೆಗೆದುಕೊಟ್ಟಾಗ ಅದರ ಬಾಣ ಇನ್ನೂ ಅಲ್ಲೇ ನಿಂತಿತ್ತು.
ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿ,
ಸಿಮೆಂಟಿನ ನೆಲದ ಮೇಲೆ ಬಳಪದಿಂದ ತ್ರಿಕೋನ ಬರೆದರು.
"ಇಪ್ಪತ್ತೊಂದು ಅನ್ನೂದು ಹೊರಗಿನ ಹಾದಿ ಲೆಕ್ಕ.
ನಿಮ್ಮ ಸ್ಟಾರ್-ಡೆಲ್ಟಾ ಸ್ಟಾರ್ಟರಿನಾಗ ರಿಲೇ ಕೂತಿರೂದು ಇದರ ಒಳಗ.
ಇಲ್ಲಿ ಹರಿಯೂದು ಅರ್ಧಕ್ಕಿಂತ ಚೂರು ಹೆಚ್ಚು. ಹನ್ನೆರಡು.
ಇಟ್ಟಾವ ಶಾಣ್ಯಾ ಇದ್ದ.
ತಿರುವಿದಾವಗೂ ಓದಾಕ ಬರ್ತಿತ್ತು, ಪಾಪ."
"ತಿರುವಿದಾಕಿ," ಅಂದೆ.
ಅವರು ಎಲೆ ಉಗುಳಲು ಹೊರಗೆ ಹೋದರು.
ಬಂದಾಗ ಆ ಮಾತೇ ಇರಲಿಲ್ಲ.

ಕೊಟೇಶನ್ನು ಬಿಡಿಸಿದ್ದು ಆಗ.
ಅಗ್ಗದ್ದಕ್ಕೆ ಧೂಳು ತಡೆಯುವ ಮೈಯಿಲ್ಲ; ನಮ್ಮಲ್ಲಿ ಗಾಳಿಯೇ ಹತ್ತಿ.
ಇಪ್ಪತ್ತರದ್ದು, ಕೈತುಂಬ ಕೆಲಸವಿಲ್ಲದೆ ಉಂಡು ಮಲಗುವ ಆಳು.
ಉಳಿದದ್ದು ಹದಿನೈದೇ, ಐಪಿ ಐವತ್ತೈದು, ಎಫ್ ಕ್ಲಾಸು,
ಜೊತೆಗೆ ಅಂಗೈಯಗಲದ ಒಂದು ಡಬ್ಬಿ,
ಫೇಸು ತಪ್ಪಿದ ಗಳಿಗೆ ಬಾಗಿಲು ಹಾಕುವಂಥದ್ದು.
"ಮೋಟಾರಿನ ರೇಟಿನಾಗ ಇದು ಉಪ್ಪಿನಷ್ಟ," ಅಂದರು,
"ಉಪ್ಪೊಂದು ಬಿಟ್ಟು ಸಂತಿ ಮಾಡ್ಕೊಂಡು ಹೋಗ್ತಾರ ಮಂದಿ."

ಸಾವಕಾರರಿಗೆ ಏನು ಹೇಳಲಿ ಎಂದು ಗೇಟಿನಲ್ಲಿ ನಿಂತೆ.
ಗೂಡ್ಸು ಗಾಡಿ ಹೋಗುತ್ತಿತ್ತು, ಮುಗಿಯಲೊಲ್ಲದಷ್ಟು ಉದ್ದ.
ಚೀಲದಲ್ಲಿ ಆ ಹಳೆಯ ರಿಲೇ.
ತೆಗೆದು, ಉಗುರಿನಿಂದಲೇ ತಿರುವುತ್ತ
ಬಾಣವನ್ನು ಹನ್ನೆರಡಕ್ಕೆ ತಂದೆ.
ಯಾವ ತಂತಿಗೂ ಜೋಡಿಸದ ರಿಲೇ. ಆದರೂ.