ಹ್ಯಾಶ್ ಹಾಕಿದ ಸಾಲು

ಎಂಡೆಲ್, ನೀವು ಬಿಟ್ಟುಹೋದದ್ದು ಇಷ್ಟು:
ಹಿಡಿ ಮುರಿದ ಕಾಫಿ ಮಗ್ಗು,
ಕಿಟಕಿಯ ಸಂದಿಗೆ ತುರುಕಿದ ಉಣ್ಣೆಯ ಕಾಲುಚೀಲ,
ಮತ್ತು ಹನ್ನೊಂದು ಪುಟ್ಟ ಪ್ರೋಗ್ರಾಮುಗಳು.
ಒಂದಕ್ಕೂ ಮುಖವಿಲ್ಲ, ಒತ್ತಲು ಗುಂಡಿಯಿಲ್ಲ.
ಕಪ್ಪು ಪರದೆಯಲ್ಲಿ ಹೆಸರು ಹಿಡಿದು ಕರೆದರೆ
ಬರುತ್ತವೆ, ಕೆಲಸ ಮುಗಿಸುತ್ತವೆ, ಹೋಗುತ್ತವೆ.

ಒಂದು ಗಾಳಿಯನ್ನು ಓದುತ್ತದೆ, ಅಷ್ಟೇ.
ಇನ್ನೊಂದು ನೀರಿನ ಮಟ್ಟ.
ಮೂರನೆಯದಕ್ಕೆ ಬರುವುದು ಕೂಡುವುದೊಂದೇ.
ನಾಲ್ಕನೆಯದು, ಪಾಪ, ಖಾಲಿ ಸಾಲುಗಳನ್ನು ಹೆಕ್ಕಿ ಎಸೆಯುತ್ತದೆ,
ಕಾಡಿನಿಂದ ತಂದ ಹಣ್ಣಿನ ಬುಟ್ಟಿಯಲ್ಲಿ
ಎಲೆ ಕಡ್ಡಿ ಆರಿಸುವ ಹಾಗೆ.
ಒಂದರ ಬಾಯಿಗೆ ಮತ್ತೊಂದರ ಕಿವಿ ಹಚ್ಚಿ
ಸಾಲಾಗಿ ನಿಲ್ಲಿಸಿದ್ದೀರಿ; ಕೊನೆಯದು
ಬಂದರಿನ ಫಲಕಕ್ಕೆ ಹೇಳುತ್ತದೆ:
ದೋಣಿ ಇಷ್ಟು ಗಂಟೆಗೆ. ಅಥವಾ, ಇವತ್ತಿಲ್ಲ.

ಎಲ್ಲ ಸರಿಯಿದ್ದರೆ ಒಂದೂ ಉಸಿರೆತ್ತುವುದಿಲ್ಲ.
ಮೊದಲ ವಾರ ಹೆದರಿದೆ: ಸತ್ತವೇ, ಬದುಕಿವೆಯೇ?
ಆಮೇಲೆ ಹೊಳೆಯಿತು, ಇವೂ ನಮ್ಮ ದ್ವೀಪದವೇ.
ಊಟ ಚೆನ್ನಾಗಿದೆ ಎಂದು ಅಪ್ಪ ಹೇಳಿದ್ದನ್ನು
ನಾನು ಕೇಳಿಲ್ಲ; ಉಪ್ಪು ಕಡಿಮೆಯಾದ ದಿನ ಮಾತ್ರ
ತಲೆ ಎತ್ತಿ ನೋಡುತ್ತಿದ್ದ.

ಇವುಗಳ ಹಣೆಬರಹವೆಲ್ಲ ಒಂದೇ ಕಡೆ.
ಕಾನ್ಫಿಗ್ ಫೈಲು, ನಲವತ್ತಾರು ಸಾಲು.
ಎಡಕ್ಕೆ ಹೆಸರು, ನಡುವೆ ಎರಡು ಗೆರೆ, ಬಲಕ್ಕೆ ಬೆಲೆ.

    ಗಾಳಿಯ ಮಿತಿ = 17
    ಹಿಮದ ದಾರಿ = ಮುಚ್ಚಿದೆ

ಒಮ್ಮೆ ಆ ಹದಿನೇಳರ ಬೆನ್ನಿಗೆ
ಕಣ್ಣಿಗೆ ಕಾಣದ ಖಾಲಿ ಜಾಗವೊಂದು ಉಳಿಯಿತು.
ಅಷ್ಟಕ್ಕೇ ಮುನಿಸು. ಬೆಳಗಿನವರೆಗೆ
ಫಲಕದಲ್ಲಿ ದೋಣಿಯೇ ಇಲ್ಲ.
ಮೀನಿನ ಪೆಟ್ಟಿಗೆಗಳ ಪಕ್ಕ ಜನ ಸುಮ್ಮನೆ ನಿಂತಿದ್ದರು.
ಒಬ್ಬರೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಹ್ಯಾಶ್ ಗುರುತಿನ ಸಾಲನ್ನು ಯಂತ್ರ ಓದುವುದಿಲ್ಲ,
ಹಾರಿ ಮುಂದೆ ಹೋಗುತ್ತದೆ. ಅದು ನಮಗೆ.
ಮೂವತ್ತು ವರ್ಷ ನೀವು ಬಾಯಲ್ಲಿ ಆಡದ್ದನ್ನು
ಅಲ್ಲಿ ಆಡಿದ್ದೀರಿ:

    # ಹದಿನೆಂಟು ಇತ್ತು. ಕಾಲೇವ್‌ನ ಬೆರಳು ಹೋದ ಮೇಲೆ ಹದಿನೇಳು.
    # ಇದು ಹೇಗೆ ನಡೆಯುತ್ತಿದೆಯೋ ಗೊತ್ತಿಲ್ಲ. ಮುಟ್ಟಬೇಡಿ.
    # ಮಂಜು. ಬೇಸರ.

ಮೂವತ್ತೊಂದನೆಯ ಸಾಲಿಗೆ ಮಾತ್ರ ವಿವರಣೆಯಿಲ್ಲ.

    ಗುರುವಾರದ ತಡ = 4

ಟ್ಯಾಲಿನ್‌ನ ಕಚೇರಿ ಕೇಳಿತು, ಯಾಕೆ ನಾಲ್ಕು ನಿಮಿಷ?
ನಿಮಗೆ ಫೋನು ಮಾಡಿದೆ, ಪಾರ್ನುವಿಗೆ.
ಇರಲಿ ಬಿಡು ಎಂದಿರಿ, ಅಲ್ಲಿ ಗಾಳಿ ಹೇಗಿದೆ ಎಂದಿರಿ, ಇಟ್ಟಿರಿ.
ಕೊನೆಗೆ ಹೇಳಿದವಳು ಅಂಗಡಿಯ ಹೆಲ್ಗಿ,
ಬ್ರೆಡ್ಡು ಕಟ್ಟುತ್ತ, ನನ್ನ ಮುಖ ನೋಡದೆ:
ಗುರುವಾರ ವಾಯ್ಕೆ ಆಸ್ಪತ್ರೆಗೆ ಹೋಗುವ ದಿನ.

ವಾಯ್ಕೆ. ಹೆಸರಿಗೇ ನಮ್ಮಲ್ಲಿ ಮೌನವೆಂದು ಅರ್ಥ.
ಡಯಾಲಿಸಿಸ್, ಆಚೆ ದಡದಲ್ಲಿ. ಎರಡೂ ಮಂಡಿ ನೋವು.
ಗಾಳಿಯಂತ್ರದ ಹತ್ತಿರದ ಮನೆಯಿಂದ ಕಟ್ಟೆಗೆ
ಅವಳ ನಡಿಗೆ ಏಳು ಗಂಟೆ ಹದಿಮೂರು ನಿಮಿಷಕ್ಕೆ ಮುಗಿಯುತ್ತಿತ್ತು.
ದೋಣಿ ಏಳು ಹತ್ತಕ್ಕೆ.
ಫಲಕ ಏಳು ಹದಿನಾಲ್ಕು ಎಂದಿತು, ಒಂಬತ್ತು ವರ್ಷ.
ಕೇಳಿದವರಿಲ್ಲ, ಕೊಟ್ಟವರಿಲ್ಲ,
ಋಣವೆಂಬುದು ಯಾರ ತಲೆಯ ಮೇಲೂ ಏರಲಿಲ್ಲ.

ನವೆಂಬರಿನಲ್ಲಿ ಅವಳನ್ನು ಮಣ್ಣು ಮಾಡಿದೆವು.
ಕಚೇರಿ ಮತ್ತೆ ಬರೆಯಿತು. ಸರಿ, ಎಂದೆ.
ಅಳಿಸುವ ಕೀಲಿಯ ಮೇಲೆ ಬೆರಳಿತ್ತು.
ಅಳಿಸಲಿಲ್ಲ. ಸಾಲಿನ ಮುಂದೆ ಹ್ಯಾಶ್ ಹಾಕಿದೆ,
ಕೆಳಗೆ ಸೊನ್ನೆಯದೊಂದು ಹೊಸ ಸಾಲು.
ಉಳಿಸಿದೆ. ಹನ್ನೊಂದೂ ಸುಮ್ಮನಿದ್ದವು,
ಅಂದರೆ ಎಲ್ಲ ಸರಿ.

ಈ ಗುರುವಾರ ಫಲಕ ಏಳು ಹತ್ತು ಎಂದಿತು.
ಜನ ಹತ್ತಿದರು. ಬಾಗಿಲು ಮುಚ್ಚಿತು.
ಕ್ಯಾಪ್ಟನ್ ರೇನ್ ಹಗ್ಗದ ಬಳಿ ನಿಂತು
ಕೈಗವಸು ತೆಗೆದ, ಮತ್ತೆ ಹಾಕಿಕೊಂಡ,
ಬೂಟಿನಿಂದ ಹಿಮ ಕೆರೆದ,
ಏಳು ಹದಿನಾಲ್ಕಕ್ಕೆ ಬಿಚ್ಚಿದ.

ಅವನದು ಯಾವ ಫೈಲಿನಲ್ಲಿದೆಯೋ, ಎಂಡೆಲ್,
ನಾನು ಹುಡುಕಲು ಹೋಗಿಲ್ಲ.