ನಾಲ್ಕನೇ ಸೀಟು

ಮೂವರ ಬೆಂಚಿನ ಮೇಲೆ ನಾಲ್ಕನೆಯವಳೂ ಕೂರಬಹುದು
ಎಂಬುದು ಈ ಊರಿನ ಕಾಯಿದೆ.
ಎಲ್ಲೂ ಬರೆದಿಲ್ಲ.
ಡೊಂಬಿವಲಿಯಲ್ಲಿ ಹತ್ತಿದ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ.
"ಜರಾ ಸರಕಾ" ಅಂದರೆ ಸಾಕು,
ಅಂಗೈಯಗಲ ಜಾಗ ಹುಟ್ಟುತ್ತದೆ.

ನಾನಿದ್ದ ಬೆಂಚಿನಲ್ಲಿ ಹುಟ್ಟುತ್ತಿರಲಿಲ್ಲ.

ಬೈದವರು ಕಡಿಮೆ.
ಪೆಡ್ನೇಕರ್ ಬಾಯಿ ನನ್ನ ತೊಡೆಯನ್ನೊಮ್ಮೆ, ಬೆಂಚನ್ನೊಮ್ಮೆ ನೋಡಿ
ಮನಸ್ಸಿನಲ್ಲೇ ಲೆಕ್ಕ ಮುಗಿಸಿ
ಮುಂದಿನ ಬೆಂಚಿಗೆ ಹೋಗುತ್ತಿದ್ದಳು, ಅಷ್ಟೇ.
ಆಮೇಲೆ ನಾನೇ ನಿಲ್ಲತೊಡಗಿದೆ, ಬಾಗಿಲ ಬಳಿ,
ಗಾಳಿಯೆಂದರೆ ನನಗೆ ಪ್ರಾಣ ಎನ್ನುವಂತೆ.
ಆರು ವರ್ಷ.

ಬಾಯಿ ಕಟ್ಟು, ಅಂದರು ಡಾಕ್ಟರು.
ಕಟ್ಟಿದೆ. ಎರಡು ರೊಟ್ಟಿ ಒಂದಾಯಿತು,
ಶೇಂಗಾ ಹಿಂಡಿಯ ಡಬ್ಬಿ ಅಟ್ಟ ಹತ್ತಿತು
(ರಾತ್ರಿ ಒಂದಕ್ಕೆ ಕುರ್ಚಿ ಹಾಕಿ ನಾನೇ ಇಳಿಸಿದ್ದೂ ಉಂಟು;
ನಿಂತಲ್ಲೇ, ಬೆರಳಲ್ಲೇ ತಿಂದು
ಸದ್ದಾಗದಂತೆ ಮುಚ್ಚಳ ಒತ್ತಿ
ಮತ್ತೆ ಅಲ್ಲೇ ಇಟ್ಟೆ).
ನನ್ನ ಬಾಯಿ ಕಟ್ಟಬಹುದು,
ಊರ ಬಾಯಿಗೆ ಅಷ್ಟು ದೊಡ್ಡ ಮೂಕುಡಿ ಎಲ್ಲಿ ತರಲಿ?
"ಒಂದು ಲಾಡು ತಿಂದ್ರ ಏನಾಗ್ತದ" ಅಂದವರೇ
ತಿಂದ ಮೇಲೆ "ಅದಕ್ಕೇ ಹಿಂಗ" ಅಂದರು.
ಹನ್ನೊಂದು ಕಿಲೋ ಇಳಿಯಿತು.
ಗಣಪತಿ ಬಂದ, ಹೋದ,
ನಾಲ್ಕು ಕಿಲೋ ಬಂತು, ಹೋಗಲಿಲ್ಲ.
ಫೋನಿನಲ್ಲಿ ಅವ್ವ:
"ದನಿ ಸಣ್ಣ ಆಗೇದ, ಮೈಯಾಗ ಆರಾಮ ಇಲ್ಲೇನ?"

ಪ್ಲಾಟ್‌ಫಾರಂ ಮೇಲಿನ ತೂಕದ ಯಂತ್ರ
ಬಣ್ಣದ ದೀಪ ತಿರುಗಿಸಿ ಚೀಟಿ ಉಗುಳಿತು.
ಎಂಬತ್ತಾರು.
ಹಿಂಬದಿಯಲ್ಲಿ ಭವಿಷ್ಯ:
ನೀವು ಉದಾರಿಗಳು, ಕೈ ಬಿಗಿ ಹಿಡಿಯಿರಿ.
ಪರ್ಸಿನಲ್ಲಿ ಇಂಥವು ಹದಿನಾಲ್ಕಿವೆ.
ಅಂಕಿ ಏರಿದೆ, ಇಳಿದಿದೆ, ಏರಿದೆ,
ಭವಿಷ್ಯ ಮಾತ್ರ ಮೂರೇ ಥರ.

ನಿನ್ನೆ, ಎಂಟು ಆರರ ಫಾಸ್ಟು.
ಕೂತಿದ್ದೆ, ಮೂರನೆಯವಳಾಗಿ.
ಪಕ್ಕದಲ್ಲಿ ಅಂಗೈಯಗಲ ಸೀಟು ಕಾಣುತ್ತಿತ್ತು.
ನನ್ನ ಸ್ವಂತ ಗಳಿಕೆ.
ಅದರ ಮೇಲೆ ಬ್ಯಾಗು ಕೂಡ ಇಡಲಿಲ್ಲ.

ಬಾಗಿಲ ಬಳಿ ಕಾಲೇಜಿನ ಹುಡುಗಿ, ದೊಡ್ಡ ಮೈ,
ದುಪಟ್ಟಾ ಮುಂದಕ್ಕೆ ಹರವಿಕೊಂಡು
ಗಾಳಿಗೆ ಮುಖ ಕೊಟ್ಟು.
ಆ ನಿಲುವು ನನಗೆ ಗೊತ್ತು.
"ಯೇ ಗ, ಇಥೇ ಬಸ" ಅಂದೆ, ಜಾಗ ತಟ್ಟಿದೆ.
ಅವಳು ನನ್ನ ತೊಡೆಯನ್ನೊಮ್ಮೆ, ಬೆಂಚನ್ನೊಮ್ಮೆ,
ಆಮೇಲೆ ತನ್ನನ್ನೊಮ್ಮೆ ನೋಡಿಕೊಂಡು
"ನಕೋ ಕಾಕೂ" ಅಂದಳು.
ಠಾಣೆಯಲ್ಲೇ ಇಳಿಯುವುದಿದೆಯಂತೆ.

ಸುರಂಗ ಬಂತು. ಕತ್ತಲಲ್ಲಿ
ಡಬ್ಬಿಯ ಹೆಂಗಸರೆಲ್ಲ ಒಂದೇ ಗಾತ್ರ.

ಠಾಣೆ ಬಂತು.
ಅವಳು ಇಳಿಯಲಿಲ್ಲ.
ನಾನು ಇನ್ನೊಂದಿಷ್ಟು ಸರಿದೆ.