ಬುರುಲ್ಕಾನಳ ಮೀನು

ನರೀನ್ ಸೀಮೆಯ ಮೇಲ್ಕಣಿವೆಯಲ್ಲಿ
ಅರವತ್ತನಾಲ್ಕು ಮನೆ, ಒಂದೇ ಒಂದು ಕೊಳವೆ.
ಹಿಮದ ಬುಡದ ಒರತೆಯಿಂದ ಹನ್ನೊಂದು ಕಿಲೋಮೀಟರು
ಮಣ್ಣೊಳಗೆ ತಡವರಿಸಿ ಬರುವ ನೀರು
ಕೊರಕಲಿನ ಬಳಿ ಮಾತ್ರ ಬೆತ್ತಲೆ ಹೊರಬಂದು
ಕಬ್ಬಿಣದ ಕಂಬಗಳ ಮೇಲೆ, ಗಾಳಿಯಲ್ಲಿ ದಾಟುತ್ತದೆ.

ಅದರ ಮುರಾಪ್ ಬುರುಲ್ಕಾನ್.
ಮುರಾಪ್ ಎಂದರೆ ನೀರುಗಂಟಿ:
ನೀರು ಬಂದರೆ ಯಾರಿಗೂ ನೆನಪಾಗದವಳು,
ಬಾರದಿದ್ದರೆ ಎಲ್ಲರ ಬಾಯಲ್ಲೂ ಇರುವವಳು.
ಪಾಪ್ಲರ್ ಕೋಲಿನ ಒಂದು ತುದಿ ಕೊಳವೆಗೆ,
ಇನ್ನೊಂದು ತನ್ನ ಚಿನ್ನದ ಹಲ್ಲಿಗೆ.
ಕಣ್ಣು ಮುಚ್ಚಿದರೆ ಸಾಕು,
ದವಡೆಯ ಮೂಳೆಗೇ ಬಂದು ವರದಿ ಒಪ್ಪಿಸುತ್ತಿತ್ತು ನೀರು.

ಸೆಪ್ಟೆಂಬರಿನಲ್ಲಿ ಬಿಶ್ಕೆಕ್‌ನಿಂದ ಬಂದ ಎಲ್ದಿಯಾರ್
ಹೆಬ್ಬೆರಳುದ್ದದ ಸಾಧನವೊಂದನ್ನು ತಂದ:
ಮುಂದೆ ಗುಂಡು ಕಡ್ಡಿ, ಹಿಂದೆ ತೆಳು ಹಾಳೆಯ ಬಾಲ.
ಕಡ್ಡಿಗೆ ಡಿಕ್ಕಿ ಹೊಡೆದ ನೀರು
ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತ ಹೋಗುತ್ತದೆ,
ಬಾಲ ಬಳುಕುತ್ತದೆ, ಬಳುಕಿದಾಗಲೆಲ್ಲ
ಒಂದು ಚಿಟಿಕೆ ವಿದ್ಯುತ್ತು.
ಚಿಟಿಕೆ ಚಿಟಿಕೆ ಕೂಡಿ ಬೊಗಸೆಯಾದರೆ
ಒಂದು ಸಲ ಕೂಗುತ್ತದೆ,
ಖಾಲಿಯಾಗುತ್ತದೆ, ಮತ್ತೆ ಕೂಡಿಡುತ್ತದೆ.

"ಬ್ಯಾಟರಿ?"
"ಇಲ್ಲ. ಮೈನಸ್ ಮೂವತ್ತಕ್ಕೆ ಬ್ಯಾಟರಿ ಸಾಯುತ್ತದೆ."
"ಅಂದರೆ ಗಿರಣಿಯವನ ಹಾಗೆ, ಮೂಟೆಗೊಂದು ಹಿಡಿ.
ನೀರಿಗೆ ಸುಸ್ತಾಗುವುದಿಲ್ಲವೇ?"
"ಆಗುತ್ತದೆ ಅಜ್ಜಿ, ಅಳೆಯಲಾಗದಷ್ಟು ಕಡಿಮೆ."
"ಅಳೆಯಲೆಂದೇ ಬಂದವನು ನೀನು!"

ಅಡುಗೆಮನೆಯ ಗೋಡೆಗೆ ಕೆಂಪು ದೀಪ.
ನಲವತ್ತು ಎಣಿಸುವುದರೊಳಗೆ ಒಮ್ಮೆ ಮಿಣುಕು.
ಅಂಕಿಯಿಲ್ಲ, ಮುಳ್ಳಿಲ್ಲ.
ಹೇಳಿದ್ದರಲ್ಲಿ ಅಲ್ಲ,
ಮತ್ತೆ ಹೇಳಲು ತಗೊಂಡ ಹೊತ್ತಿನಲ್ಲಿದೆ ಅಳತೆ.
ಹಿಟ್ಟು ನಾದುತ್ತ ಎಣಿಸಿದಳು ಬುರುಲ್ಕಾನ್.
ಮೀನು ಎಂದು ಹೆಸರಿಟ್ಟಳು. ಕೋಲು ಮೊಳೆಗೇರಿತು.

ಜನವರಿಯ ಒಂದು ರಾತ್ರಿ
ನಲವತ್ತು ಅರವತ್ತಾಯಿತು.
ನೂರು.
ಮುನ್ನೂರರ ಹತ್ತಿರ ಲೆಕ್ಕ ತಪ್ಪಿ
ಮತ್ತೆ ಒಂದರಿಂದ ಶುರುಮಾಡಿದಳು.
ಆಮೇಲೆ ಎಣಿಸಲು ಏನೂ ಇರಲಿಲ್ಲ.

ಫೋನಿನಲ್ಲಿ ಎಲ್ದಿಯಾರ್, ನಿದ್ದೆಯ ಗಂಟಲು:
"ನೀರು ನಿಂತಿರಬೇಕು. ಇಲ್ಲವೇ ಮೀನು ಸತ್ತಿರಬೇಕು.
ಇಲ್ಲಿಂದ ಎರಡೂ ಒಂದೇ ಥರ ಕಾಣುತ್ತವೆ."

ಅದೂ ನಿಜವೇ. ಇದ್ದರೆ ಇದ್ದೇನೆ ಎನ್ನುತ್ತದೆ;
ಇಲ್ಲ ಎನ್ನುವ ತ್ರಾಣವನ್ನೂ ನೀರೇ ಕೊಡಬೇಕು.
ಹಸಿದವನ ಕೊರಳಿಗೇ ಡಂಗುರ ಕಟ್ಟಿ
ಬರ ಸಾರು ಎಂದಂತೆ.
ಮೌನ ಸಮ್ಮತಿ ಅನ್ನುವ ಮಾತು
ಈ ಕೊಳವೆಗೆ ಹೊಂದುವುದಿಲ್ಲ.

ಮೊಳೆಯಿಂದ ಕೋಲು ಇಳಿಸಿ ಕುದುರೆ ಹತ್ತಿದಳು.
ಕೊರಕಲಿನಲ್ಲಿ ಹಲ್ಲು ಕಚ್ಚಿ ಕೇಳಿದಳು:
ಕಬ್ಬಿಣ, ಬರೀ ಕಬ್ಬಿಣ.
ಮೇಲಿನ ತೊಟ್ಟಿಯಲ್ಲಿ
ನೀರು ತುಂಬಿ, ಹೊರಚೆಲ್ಲಿ, ಗೊಣಗುತ್ತಿದೆ.
ನಡುವೆ ಎಲ್ಲೋ ಹೆಪ್ಪು.
ಹಳೆಯ ಕಂಬಳಿ ಹರಿದು, ಎಣ್ಣೆಯಲ್ಲಿ ಅದ್ದಿ
ಕೊಳವೆಗೆ ಸುತ್ತಿ ಬೆಂಕಿಯಿಟ್ಟಳು, ಕಂಬದಿಂದ ಕಂಬಕ್ಕೆ,
ಬೆರಳು ತನ್ನವೋ ಅಲ್ಲವೋ ತಿಳಿಯದಷ್ಟು ಹೊತ್ತು.

ಬೆಳಗಿನ ಜಾವ ಚಿನ್ನದ ಹಲ್ಲು ಜುಮ್ಮೆಂದಿತು.

ಮನೆಗೆ ಬಂದಾಗ ಹೊತ್ತು ನೆತ್ತಿಗೇರಿತ್ತು.
ಹಿಟ್ಟಿನ ಹಲಗೆಯ ಮೇಲೆ ಮೊಮ್ಮಗಳು ಸೈಕಾಲ್
ಮಿಣುಕಿಗೊಂದು ಗೆರೆ ಎಳೆದಿದ್ದಳು ಬೆರಳಲ್ಲಿ.
ಮೊದಲು ದೂರ ದೂರ, ಆಮೇಲೆ ಒತ್ತೊತ್ತು,
ನಡುವೆ ಅಂಗೈಯಗಲ ಬಿಳೀ ಖಾಲಿ ಜಾಗ.

"ಇಲ್ಲಿ ಮತ್ತೆ ನಿಂತಿತೇ?"

"ಇಲ್ಲಜ್ಜಿ," ಅಂದಳು ಹುಡುಗಿ,
"ಅಲ್ಲಿ ನಾನು ನಿದ್ದೆಹೋಗಿದ್ದೆ."